ಬಾಣಂತನಕ್ಕೆ ಹೊರಟ ಅಮ್ಮ, ಸಾಯಲು ಕೂತ 31 ಸಾವಿರ ಮೈಲು

2024ರ ಆಗಸ್ಟ್ ಕೊನೆಯ ವಾರ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ (ಅದು ಅವರ ಪಾಯಿಂಟ್ ಯೋಜನೆ) ಖಾತೆಯಲ್ಲಿ ನನ್ನ ಹೆಸರಿಗೆ 86 ಸಾವಿರ ಮೈಲು ಇತ್ತು, ಅಂದರೆ ಹಾರಿದಾಗ ಸಿಗುವ, ಟಿಕೆಟಿಗೆ ದುಡ್ಡಿನ ಬದಲು ಕೊಡಬಹುದಾದ ಪಾಯಿಂಟ್. ಅದರಲ್ಲಿ 31 ಸಾವಿರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿದು ಸಾಯುವುದಿತ್ತು. ಅತ್ತ ಸಿಂಗಪುರದಲ್ಲಿರುವ ತಂಗಿಗೆ ಆರು ತಿಂಗಳು ದಾಟಿತ್ತು. ಡಾಕ್ಟರು ಕೊಟ್ಟ ದಿನ ನವೆಂಬರ್ 20. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಆಗಲೇ ಬಾಣಂತನದ ಪಟ್ಟಿ ಬರೆಯಲು ಶುರು ಮಾಡಿದ್ದರು. ಎರಡನ್ನೂ ಒಂದಕ್ಕೊಂದು ಗಂಟು ಹಾಕಿದರೆ ಆಯಿತಲ್ಲ ಅನ್ನಿಸಿತು. ಹಾಕಿದೆ. ಗಂಟು ಎರಡು ಸಲ ಬಿಚ್ಚಿಕೊಂಡಿತು, ಮತ್ತೆ ಕಟ್ಟಿದೆ. ಆ ಕಥೆಯನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ, ಯಾಕೆಂದರೆ ಮೈಲುಗಳ ಬಗ್ಗೆ ಮಾತಾಡುವವರೆಲ್ಲ ಬಿಸಿನೆಸ್ ಕ್ಲಾಸ್ ಸೀಟಿನ ಫೋಟೋ ಹಾಕುತ್ತಾರೆಯೇ ಹೊರತು, ತಾರೀಕೇ ಗೊತ್ತಿಲ್ಲದ ಪ್ರಯಾಣಕ್ಕೆ ಅವು ಹೇಗೆ ಒದಗುತ್ತವೆ ಅಂತ ಯಾರೂ ಹೇಳುವುದಿಲ್ಲ.

ಮೊದಲು ಆ 86 ಸಾವಿರ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 55 ಸಾವಿರ ಹಾರಿ ಗಳಿಸಿದ್ದು. ಕಂಪನಿ ಕೆಲಸದ ಮೇಲೆ ಸಿಂಗಪುರ ದಾಟಿ ಸಿಡ್ನಿಗೆ ನಾಲ್ಕು ಸಲ ಹೋಗಿದ್ದೆ, ಟಿಕೆಟ್ ಕಂಪನಿಯದು, ಮೈಲು ನನ್ನದು. ಸ್ವಂತ ದುಡ್ಡಿನಲ್ಲಿ ಅಗ್ಗದ ಟಿಕೆಟ್ ತೆಗೆದುಕೊಂಡು ಇಷ್ಟು ಮೈಲು ಸೇರಿಸುತ್ತೇನೆ ಅಂತ ಹೊರಟರೆ ಆಯಸ್ಸು ಸಾಲದು. ಬೆಂಗಳೂರಿನಿಂದ ಸಿಂಗಪುರಕ್ಕೆ ಹತ್ತಿರ ಹತ್ತಿರ 2 ಸಾವಿರ ಮೈಲಿ ದೂರ. ತೀರಾ ಕಡಿಮೆ ದರದ ಟಿಕೆಟ್‌ಗೆ ಹಾರಿದ ದೂರದ ಅರ್ಧದಷ್ಟು ಮಾತ್ರ ಮೈಲು ಕೊಡುತ್ತಾರೆ. ಅಂದರೆ ಹೋಗಿ ಬಂದರೆ 2 ಸಾವಿರ. ಒಂದು ಕಡೆಯ ಎಕಾನಮಿ ಸೀಟಿಗೆ ಆಗ ಸುಮಾರು 20 ಸಾವಿರ ಮೈಲು ಬೇಕಿತ್ತು. ಹತ್ತು ಸಲ ಹೋಗಿ ಬಂದರೆ ಒಂದು ಸಲ ಬರೀ ಹೋಗಬಹುದು!

ಉಳಿದ 31 ಸಾವಿರ ಕ್ರೆಡಿಟ್ ಕಾರ್ಡಿನ ಪಾಯಿಂಟ್. ಇಲ್ಲೇ ನನ್ನ ಮೊದಲ ತಪ್ಪು. 2021ರ ಸೆಪ್ಟೆಂಬರಿನಲ್ಲಿ, ಯಾರೂ ಎಲ್ಲಿಗೂ ಹೋಗದ ಕಾಲದಲ್ಲಿ, ಮನೆಯಲ್ಲಿ ಕೂತು ಬೇಸರ ಬಂದು ಕಾರ್ಡಿನಲ್ಲಿದ್ದ ಪಾಯಿಂಟ್‌ಗಳನ್ನೆಲ್ಲ ಸುಮ್ನೆ ಮೈಲಾಗಿ ಬದಲಾಯಿಸಿಬಿಟ್ಟಿದ್ದೆ. ಆ ಕಾರ್ಡಿನಲ್ಲಿ ಪಾಯಿಂಟ್‌ಗೆ ಅವಧಿ ಅಂತ ಇರಲಿಲ್ಲ. ಕ್ರಿಸ್‌ಫ್ಲೈಯರಿಗೆ ಬಂದ ಕೂಡಲೇ 36 ತಿಂಗಳ ಆಯಸ್ಸು ಶುರುವಾಯಿತು. ಒಮ್ಮೆ ಹೋದದ್ದು ವಾಪಸ್ ಕಾರ್ಡಿಗೆ ಬರುವುದಿಲ್ಲ. ಬಾವಿಯಲ್ಲಿದ್ದ ನೀರನ್ನು ತೂತು ಕೊಡಕ್ಕೆ ತುಂಬಿಸಿಟ್ಟಂತಾಯಿತು. ಈಗ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ: ನಿಮಗೆ ಬೇಕಾದ ದಿನದ ಸೀಟು ಕಣ್ಣಿಗೆ ಕಾಣುವ ತನಕ ಕಾರ್ಡಿನಿಂದ ಒಂದು ಪಾಯಿಂಟೂ ಕದಲಿಸಬೇಡಿ.

ಒಂದು ಸಮಾಧಾನ ಇತ್ತು. ಮೈಲು ಸಾಯುವ ಮುಂಚೆ ಟಿಕೆಟ್ ಆಗಿದ್ದರೆ ಸಾಕು, ಹಾರುವುದು ಆಮೇಲಾದರೂ ನಡೆಯುತ್ತದೆ. ಸೆಪ್ಟೆಂಬರ್ 30ರೊಳಗೆ ಬುಕ್ ಮಾಡಿ ನವೆಂಬರಿನಲ್ಲಿ ಹೋಗಬಹುದು. ಎಷ್ಟೋ ಜನ ಇದು ಗೊತ್ತಿಲ್ಲದೆ, ಗಡುವಿಗೆ ಮುಂಚೆ ಎಲ್ಲಾದರೂ ಹೋಗಿ ಬರಬೇಕು ಅಂದುಕೊಂಡು ಕೈಬಿಡುತ್ತಾರೆ.

ಯೋಜನೆ ಹೀಗಿತ್ತು. ಅಮ್ಮ ನವೆಂಬರ್ 8ಕ್ಕೆ ಹೋಗುವುದು. ಅಪ್ಪ ಆಗ ಬರುವ ಮಾತೇ ಇಲ್ಲ, ಅಡಿಕೆ ಕೊಯ್ಲು. ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಜನವರಿ 10ಕ್ಕೆ ಅಪ್ಪ ಹೊರಡುವುದು. ಫೆಬ್ರವರಿ 3ಕ್ಕೆ ಇಬ್ಬರೂ ಒಟ್ಟಿಗೆ ವಾಪಸ್. ಅಮ್ಮನಿಗೆ ಫೆಬ್ರವರಿ 3 ಅಂತ ಇಟ್ಟಿದ್ದಕ್ಕೆ ಕಾರಣ ಇದೆ. ನಮ್ಮವರು ವೀಸಾ ಮಾಡಿಸಿಕೊಂಡು ಹೋದರೂ ಅಲ್ಲಿ ಇಳಿದಾಗ ಸಾಮಾನ್ಯವಾಗಿ 30 ದಿನದ ಪಾಸ್ ಕೊಡುತ್ತಾರೆ. ಅಲ್ಲಿರುವ ಮಗಳೋ ಅಳಿಯನೋ ಅರ್ಜಿ ಹಾಕಿದರೆ ವಿಸ್ತರಿಸಬಹುದು, ಒಟ್ಟು 89 ದಿನದವರೆಗೆ. ಸಿಕ್ಕರೆ ಸಿಕ್ಕಿತು. ಆದರೆ ಹೋಗುವಾಗಲೇ ವಾಪಸ್ ಟಿಕೆಟ್ ಕೈಯಲ್ಲಿರಬೇಕು. ಯಾವಾಗ ಬರುತ್ತೇವೆ ಅಂತ ಗೊತ್ತಿಲ್ಲ, ಬರುವ ಟಿಕೆಟ್ ಮಾತ್ರ ಮೊದಲೇ ಬೇಕು. ಬಾಣಂತನಕ್ಕೆ ಹೋಗುವ ಎಲ್ಲ ಅಮ್ಮಂದಿರದೂ ಇದೇ ಫಜೀತಿ, ಅಲ್ವಾ?

ದುಡ್ಡಿನ ಟಿಕೆಟ್‌ನಲ್ಲಿ ಇದಕ್ಕೆ ಎರಡೇ ದಾರಿ. ಒಂದೋ ಅಗ್ಗದ್ದು ತೆಗೆದು, ತಾರೀಕು ಬದಲಾಯಿಸುವಾಗ ಶುಲ್ಕದ ಜೊತೆ ಆ ದಿನದ ದರದ ವ್ಯತ್ಯಾಸವನ್ನೂ ಕಟ್ಟುವುದು. ಇಲ್ಲವೇ ಮೊದಲೇ ಜಾಸ್ತಿ ಕೊಟ್ಟು ಬದಲಾಯಿಸಬಹುದಾದ ಟಿಕೆಟ್ ತೆಗೆಯುವುದು, ಅದರಲ್ಲೂ ದರದ ವ್ಯತ್ಯಾಸ ತಪ್ಪುವುದಿಲ್ಲ. ಮೈಲಿನ ಟಿಕೆಟ್‌ನಲ್ಲಿ ಹಾಗಲ್ಲ. ಕ್ರಿಸ್‌ಫ್ಲೈಯರಿನಲ್ಲಿ ಎಕಾನಮಿಗೆ ಆಗ ಎರಡು ಪಟ್ಟಿ ಇದ್ದವು: ಸೇವರ್ ಮತ್ತು ಅಡ್ವಾಂಟೇಜ್. ಸೇವರ್ ಕಡಿಮೆ ಮೈಲು, ಸೀಟು ಕಡಿಮೆ. ಅಡ್ವಾಂಟೇಜ್ ಜಾಸ್ತಿ ಮೈಲು, ಸೀಟು ಸಿಗುವ ಸಾಧ್ಯತೆ ಜಾಸ್ತಿ. ಸೇವರ್ ಸೀಟು ಇದೆ ಅಂದರೆ ಅದು ಮಂಗಳವಾರವಾಗಲಿ ಹಬ್ಬದ ಹಿಂದಿನ ದಿನವಾಗಲಿ ಅಷ್ಟೇ ಮೈಲು. ಟಿಕೆಟ್ ದರ ಮೂರು ಪಟ್ಟಾದರೂ ಮೈಲು ಏರುವುದಿಲ್ಲ. ನನ್ನ ಲೆಕ್ಕವೆಲ್ಲ ನಿಂತಿದ್ದು ಈ ಒಂದು ಕಂಬದ ಮೇಲೆ. ಈಗ ಬಹಳ ವಿಮಾನ ಕಂಪನಿಗಳು ದರ ಏರಿದಂತೆ ಪಾಯಿಂಟನ್ನೂ ಏರಿಸುವ ಪದ್ಧತಿಗೆ ಹೋಗಿವೆ. ಅಂಥ ಕಡೆ ಈ ಆಟ ನಡೆಯುವುದಿಲ್ಲ.

ಇನ್ನೊಂದು ಅನುಕೂಲ, ಒಂದು ಕಡೆಯ ಟಿಕೆಟ್ ಅಂದರೆ ಸರಿಯಾಗಿ ಅರ್ಧ ಮೈಲು. ಹಾಗಾಗಿ ಹೋಗುವುದನ್ನು ಬರುವುದನ್ನು ಬೇರೆ ಬೇರೆ ಬುಕ್ ಮಾಡಿದರೆ ನಷ್ಟ ಇಲ್ಲ. ತೊಂದರೆ ಬಂದಾಗ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುವುದಿಲ್ಲ.

ಬುಕ್ ಮಾಡುವ ಮುಂಚೆ ಅಪ್ಪ ಅಮ್ಮನನ್ನು ನಾಮಿನಿಗಳಾಗಿ ಸೇರಿಸಬೇಕು. ಕ್ರಿಸ್‌ಫ್ಲೈಯರಿನಲ್ಲಿ ಐದು ಜನರನ್ನು ಸೇರಿಸಬಹುದು, ನಮ್ಮ ಮೈಲು ಅವರ ಹೆಸರಿನ ಟಿಕೆಟ್‌ಗೆ ಹೋಗುತ್ತದೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯ ಎಷ್ಟು ಜನರದು ಹಾಗಿಲ್ಲ ಹೇಳಿ? ಊರಿನ ಹೆಸರಿನ ಇನಿಶಿಯಲ್ಲು, ಅಪ್ಪನ ಹೆಸರಿನ ಇನಿಶಿಯಲ್ಲು, ಬ್ಯಾಂಕಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಫಾರ್ಮು ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ ಅಂತ ಹಟ ಹಿಡಿಯಿತು. ಫೋನ್ ಮಾಡಿ ಕೇಳಿ, ಅವರು ಹೇಳಿದ ಹಾಗೆ ತುಂಬಿಸಿದೆ. ಅರ್ಧ ದಿನ ಹೋಯಿತು. ಗಡುವಿನ ದಿನ ರಾತ್ರಿ ಹನ್ನೊಂದಕ್ಕೆ ಕೂತಿದ್ದರೆ 31 ಸಾವಿರವೂ ಹೋಗುತ್ತಿತ್ತು.

ಮೂರು ಬುಕಿಂಗ್ ಮಾಡಿದೆ. ಮೊದಲು ಅಮ್ಮ ಹೋಗುವುದು, 20 ಸಾವಿರ. ಆಮೇಲೆ ಇಬ್ಬರೂ ಬರುವುದು, 40 ಸಾವಿರ. ಕೊನೆಗೆ ಅಪ್ಪ ಹೋಗುವುದು, 20 ಸಾವಿರ. ಮೂರೂ ಸೇವರ್. ಫೆಬ್ರವರಿ 1 ಶನಿವಾರ, ಅವತ್ತು ಬಂದರೆ ಒಳ್ಳೆಯದಿತ್ತು, ಆದರೆ ಅದಕ್ಕೆ ವೇಟ್‌ಲಿಸ್ಟ್ ಅಂತ ತೋರಿಸುತ್ತಿತ್ತು. ವೇಟ್‌ಲಿಸ್ಟ್‌ನಲ್ಲಿ ನಿಂತು ಅದು ಅಕ್ಟೋಬರಿನಲ್ಲಿ ಖಚಿತವಾದರೆ ಅಷ್ಟರಲ್ಲಿ ಹಳೆಯ ಮೈಲು ಸತ್ತಿರುತ್ತದೆ. ಅದಕ್ಕೇ ಇದ್ದ ಸೋಮವಾರವನ್ನೇ ಹಿಡಿದೆ. ಕೈಯಲ್ಲಿ 6 ಸಾವಿರ ಉಳಿಯಿತು.

ಬುಕ್ ಮಾಡಿದ ಈ ಕ್ರಮವನ್ನು ನೆನಪಿಡಿ. ನಾನು ಯೋಚಿಸಿ ಮಾಡಿದ್ದಲ್ಲ, ಅಮ್ಮನ ಚಿಂತೆ ಮೊದಲಿತ್ತು ಅಷ್ಟೇ. ಆದರೆ ಕೊನೆಗೆ ನಮ್ಮನ್ನು ಉಳಿಸಿದ್ದು ಅದೇ.

ಅಕ್ಟೋಬರ್ 27, ಭಾನುವಾರ ರಾತ್ರಿ. ಭಾವ ಫೋನ್ ಮಾಡಿದರು. ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಬೆಳಗಿನ ಹೊತ್ತಿಗೆ ಹೆಣ್ಣು ಮಗು, ಮೂರು ವಾರ ಮುಂಚೆ. ತಾಯಿ ಮಗು ಇಬ್ಬರೂ ಆರಾಮು. ಅಮ್ಮನ ಟಿಕೆಟ್ ಮಾತ್ರ ಹನ್ನೊಂದು ದಿನ ಆಚೆ. ಪುಣ್ಯಕ್ಕೆ ವೀಸಾ ಬಂದಿತ್ತು. ಸಾಗರದಿಂದ ಅಮ್ಮ ಫೋನಿನಲ್ಲಿ, "ಅಪ್ಪೀ, ಗೋಪೂಜೆ ಮುಗಿಸಿ ಹೊರಟರೆ ಆಗ್ತದಾ?" ಅಂದರು. ಅವರೇ ಒಂದು ಕ್ಷಣ ಬಿಟ್ಟು, "ಬೇಡ, ನಾಳೆ ರಾತ್ರಿ ಬಸ್ಸಿಗೇ ಬರ್ತೇನೆ" ಅಂದರು.

ಅದು ದೀಪಾವಳಿ ವಾರ. ಅಕ್ಟೋಬರ್ 31 ಸಿಂಗಪುರದಲ್ಲೂ ಸರ್ಕಾರಿ ರಜೆ. ನವೆಂಬರ್ 5ರ ತನಕ ಒಂದೂ ಸೇವರ್ ಸೀಟಿಲ್ಲ. 30ರ ರಾತ್ರಿಯ ವಿಮಾನದಲ್ಲಿ ಅಡ್ವಾಂಟೇಜ್ ಸೀಟಿತ್ತು, ಅದಕ್ಕೆ ಇನ್ನೂ 15 ಸಾವಿರ ಮೈಲು ಬೇಕು. ನನ್ನಲ್ಲಿದ್ದದ್ದು 6. ಕಾರ್ಡಿನಿಂದ ಹೊಸದಾಗಿ ಪಾಯಿಂಟ್ ತರಿಸೋಣ ಅಂದರೆ ಅದು ಬರಲು ದಿನಗಳು ಬೇಕು. ದುಡ್ಡಿನ ಟಿಕೆಟ್ ನೋಡಿದರೆ ನೇರ ವಿಮಾನಕ್ಕೆ ಒಂದು ಕಡೆಗೇ 26 ಸಾವಿರ ರೂಪಾಯಿ.

ಹೆಂಡತಿ ಹೇಳಿದಳು, 26 ಕೊಟ್ಟು ಕಳಿಸಿ, ನವೆಂಬರ್ 8ರದ್ದನ್ನು ರದ್ದು ಮಾಡಿದರೆ 20 ಸಾವಿರ ಮೈಲು ವಾಪಸ್ ಬರುತ್ತದಲ್ಲ ಅಂತ. ನಾನೂ ಹಾಗೇ ಅಂದುಕೊಂಡು ಕಾರ್ಡು ಕೈಗೆ ತೆಗೆದುಕೊಂಡಿದ್ದೆ. ಆಗ ಹೊಳೆಯಿತು. ಟಿಕೆಟ್ ತೆಗೆಯುವಾಗ ಮೊದಲು ಸಾಯುವ ಮೈಲು ಮೊದಲು ಖರ್ಚಾಗುತ್ತದೆ. ಅಮ್ಮನ ಟಿಕೆಟ್‌ಗೆ ಹೋದದ್ದು ಪೂರ್ತಿ ಹಳೆಯ ಮೈಲು. ಅದು ಟಿಕೆಟ್ ಆಗಿರುವ ತನಕ ಜೀವಂತ. ರದ್ದು ಮಾಡಿದ ಗಳಿಗೆಯಲ್ಲಿ ಸೆಪ್ಟೆಂಬರ್ 30 ದಾಟಿದ ಮೈಲು ಅದು, ವಾಪಸ್ ಬಂದು ಕೂರಲು ಅದಕ್ಕೆ ಜಾಗವೇ ಇಲ್ಲ. ರದ್ದು ಮಾಡಿದ ಶುಲ್ಕವೂ ಹೋಗಿ, ಮೈಲೂ ಹೋಗುತ್ತಿತ್ತು.

ಹಾಗಾದರೆ ಅಮ್ಮನ ಟಿಕೆಟನ್ನು ರದ್ದು ಮಾಡಬಾರದು, ಬದಲಾಯಿಸಬೇಕು. ಬದಲಾಯಿಸಲು ಮೈಲು ಬೇಕು. ಅದು ಎಲ್ಲಿದೆ? ಅಪ್ಪನ ಜನವರಿ ಟಿಕೆಟ್‌ನಲ್ಲಿದೆ. ಕೊನೆಗೆ ಬುಕ್ ಮಾಡಿದ್ದರಿಂದ ಅದರಲ್ಲಿ ಇದ್ದದ್ದೆಲ್ಲ ಹೊಸ ಮೈಲು, ಇನ್ನೂ ಆಯಸ್ಸಿದ್ದದ್ದು. ಅದನ್ನು ರದ್ದು ಮಾಡಿದೆ. 20 ಸಾವಿರ ಖಾತೆಗೆ ಬಂತು, ಕೈಯಲ್ಲಿ 26 ಆಯಿತು. ಅದರಲ್ಲಿ 15 ಸಾವಿರ ಹಾಕಿ ಅಮ್ಮನನ್ನು 30ರ ರಾತ್ರಿಗೆ ತಂದೆ. ರದ್ದತಿ, ಬದಲಾವಣೆ ಎರಡರ ಶುಲ್ಕ ಸೇರಿ 8 ಸಾವಿರ ರೂಪಾಯಿಯ ಆಸುಪಾಸು. 11 ಸಾವಿರ ಮೈಲು ಉಳಿಯಿತು. ಅಪ್ಪನಿಗೆ ಜನವರಿ 8ರ ಬುಧವಾರ ದುಡ್ಡು ಕೊಟ್ಟೇ ಟಿಕೆಟ್ ತೆಗೆದೆ, 11 ಸಾವಿರ ರೂಪಾಯಿ. ಜನವರಿಯ ವಾರದ ನಡುವಿನ ದಿನಕ್ಕೆ ಅಷ್ಟಕ್ಕೇ ಸಿಗುತ್ತಿತ್ತು.

ಅಂದರೆ ಹಬ್ಬದ ವಾರದ 26 ಸಾವಿರದ ಬದಲು, ಶುಲ್ಕ ಸೇರಿ 19 ಸಾವಿರ. ಉಳಿದದ್ದು 7 ಸಾವಿರ ರೂಪಾಯಿ ಮತ್ತು 5 ಸಾವಿರ ಮೈಲು. ದೊಡ್ಡ ಸಾಧನೆ ಏನಲ್ಲ, ಅದಕ್ಕೆ ಒಂದೂವರೆ ಗಂಟೆ ತಲೆ ಕೆಡಿಸಿಕೊಂಡಿದ್ದೂ ಹೌದು. ಆದರೆ ತತ್ವ ಮುಖ್ಯ: ದರ ಜಾಸ್ತಿ ಇರುವ ದಿನಕ್ಕೆ ಮೈಲು, ದರ ಕಡಿಮೆ ಇರುವ ದಿನಕ್ಕೆ ದುಡ್ಡು. ಆಗಸ್ಟಿನಲ್ಲಿ ನಾನು ಎಲ್ಲದಕ್ಕೂ ಮೈಲು ಸುರಿದಿದ್ದೇ ಸರಿಯಾದ ಲೆಕ್ಕ ಆಗಿರಲಿಲ್ಲ. 11 ಸಾವಿರ ರೂಪಾಯಿಯ ಟಿಕೆಟ್‌ಗೆ 20 ಸಾವಿರ ಮೈಲು ಹಾಕಿದ್ದೆ, ಮೇಲೆ ತೆರಿಗೆ ಬೇರೆ.

ಅಮ್ಮ ಹೊರಟ ದಿನ ಇನ್ನೊಂದು ಸಣ್ಣ ಯುದ್ಧ. ಒಣಶುಂಠಿ, ಕಾಳುಮೆಣಸು, ಮೆಂತ್ಯ, ಅಂಟಿನುಂಡೆ, ಲೇಹ್ಯದ ಬಾಟಲಿ, ತುಪ್ಪ, ಹಳೆಯ ಮೆತ್ತನೆ ಹತ್ತಿ ಸೀರೆಗಳು. ಒಂದು ಪೊಟ್ಟಣದಲ್ಲಿ ಗಸಗಸೆ. ಗಸಗಸೆ ಸಿಂಗಪುರಕ್ಕೆ ಒಯ್ಯುವಂತಿಲ್ಲ, ಮಾದಕ ವಸ್ತುಗಳ ಕಾನೂನಿನಡಿ ಅಲ್ಲಿ ನಿಷೇಧ. ಪಾಯಸಕ್ಕೆ ಹಾಕುವ ವಸ್ತುವಿಗೆ ಪೊಲೀಸು ಯಾಕೆ ಅಂತ ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕಾಯಿತು. ಪೊಟ್ಟಣ ನಮ್ಮ ಮನೆಯ ಡಬ್ಬಿ ಸೇರಿತು. ತೂಕದ ವಿಷಯದಲ್ಲಿ ಇನ್ನೊಂದು ಮಾತು. ಹೆಚ್ಚು ಹಾರುವ ಸದಸ್ಯರಿಗೆ ಕೊಡುವ ಗೋಲ್ಡ್ ದರ್ಜೆ ನನಗೆ ಇದ್ದಿದ್ದರೂ ಅಮ್ಮನ ಚೀಲಕ್ಕೆ ಅದರ ಉಪಯೋಗ ಆಗುತ್ತಿರಲಿಲ್ಲ. ಮೈಲು ಇನ್ನೊಬ್ಬರಿಗೆ ಕೊಡಬಹುದು, ದರ್ಜೆ ಹಾರುವವರದೇ ಆಗಿರಬೇಕು. ಹೆಚ್ಚುವರಿ ಲಗೇಜು, ಬೇಗ ಚೆಕ್‌ಇನ್ ಎಲ್ಲ ಸದಸ್ಯ ತಾನೇ ಹೊರಟಾಗ ಮಾತ್ರ.

ಇಷ್ಟಾದ ಮೇಲೆ ನಿಶ್ಚಿಂತೆ ಅಂದುಕೊಂಡಿದ್ದೆ. ನವೆಂಬರ್ ಮಧ್ಯದಲ್ಲಿ ಪಾಸ್ ವಿಸ್ತರಣೆಗೆ ಅರ್ಜಿ ತುಂಬಿಸುತ್ತಾ ತಂಗಿ ಫೋನ್ ಮಾಡಿದಳು. "ಅಣ್ಣಾ, ಅಮ್ಮನ ವಾಪಸ್ ಟಿಕೆಟ್ ಫೆಬ್ರವರಿ 3 ಅಂತಿದೆಯಲ್ಲ, 89 ದಿನ ದಾಟ್ತದೆ." ಎಣಿಸಿ ನೋಡಿದೆ. ಅಮ್ಮ ಇಳಿದದ್ದು ಅಕ್ಟೋಬರ್ 31. 89 ದಿನ ಮುಗಿಯುವುದು ಜನವರಿ 27ಕ್ಕೆ. ಹೋಗುವುದನ್ನು ಹಿಂದಕ್ಕೆ ಎಳೆದವನು ಬರುವುದನ್ನು ಮರೆತೇಬಿಟ್ಟಿದ್ದೆ. ಸಾಲದ್ದಕ್ಕೆ 2025ರ ಚೀನೀ ಹೊಸವರ್ಷ ಜನವರಿ 29ಕ್ಕೆ. ಅದು ಅಲ್ಲಿನ ದೊಡ್ಡ ರಜೆ, ಅಲ್ಲಿರುವ ನಮ್ಮವರೆಲ್ಲ ಊರಿಗೆ ಹೊರಡುವ ಸಮಯ. ಆ ವಾರಾಂತ್ಯದ ಟಿಕೆಟ್ ದರ ಕೇಳಬೇಡಿ.

ಇಲ್ಲಿ ಮಾತ್ರ ಮೈಲು ತನ್ನ ಪೂರ್ತಿ ಬೆಲೆ ತೋರಿಸಿತು. 24, 25, 26ಕ್ಕೆ ಸೇವರ್ ಇರಲಿಲ್ಲ. 22ರ ಬುಧವಾರ ಎರಡು ಸೀಟಿತ್ತು. ಬದಲಾಯಿಸಿದೆ. ಮೈಲಿನ ವ್ಯತ್ಯಾಸ ಸೊನ್ನೆ. ಇಬ್ಬರಿಗೆ ಸೇರಿ ಶುಲ್ಕ 4 ಸಾವಿರ ರೂಪಾಯಿ ಚಿಲ್ಲರೆ. ಅದೇ ದಿನದ ಅದೇ ವಿಮಾನಕ್ಕೆ ದುಡ್ಡಿನ ಟಿಕೆಟ್ ಒಬ್ಬರಿಗೆ 24 ಸಾವಿರ ತೋರಿಸುತ್ತಿತ್ತು. ಮೂರು ದಿನ ತಡ ಮಾಡಿದ್ದರೆ ಆ ಎರಡು ಸೀಟೂ ಇರುತ್ತಿತ್ತೋ ಇಲ್ಲವೋ. ಅಪ್ಪನಿಗೆ ಮೊಮ್ಮಗಳ ಜೊತೆ ಸಿಕ್ಕಿದ್ದು ಎರಡು ವಾರ ಮಾತ್ರ. ಅದಕ್ಕೆ ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ಐದನೇ ದಿನದಿಂದಲೇ ಫೋನಿನಲ್ಲಿ ಅಡಿಕೆ ರೇಟು ಕೇಳುತ್ತಿದ್ದರಂತೆ.

ಈಗ ಲೆಕ್ಕ. ಒಟ್ಟು ಖರ್ಚಾದ ಮೈಲು 75 ಸಾವಿರ: ಅಮ್ಮ ಹೋದದ್ದಕ್ಕೆ 35, ಇಬ್ಬರೂ ಬಂದದ್ದಕ್ಕೆ 40. ದುಡ್ಡು ಖರ್ಚಾದದ್ದು 34,500 ರೂಪಾಯಿ. ಅದರಲ್ಲಿ ತೆರಿಗೆ 11,500, ಶುಲ್ಕಗಳು 12,000, ಅಪ್ಪ ಹೋದ ಟಿಕೆಟ್ 11,000. ಮೈಲಿನ ಟಿಕೆಟ್ ಅಂದರೆ ಪುಕ್ಕಟೆ ಅಲ್ಲ. ಸಿಂಗಪುರದ ಚಾಂಗಿಯಿಂದ ಹೊರಡುವವರ ಮೇಲೆ 60 ಸಿಂಗಪುರ ಡಾಲರ್‌ಗೂ ಜಾಸ್ತಿ ವಿಮಾನ ನಿಲ್ದಾಣದ ಶುಲ್ಕ, ತೆರಿಗೆ ಬೀಳುತ್ತದೆ, ಅದನ್ನು ಕಟ್ಟಲೇಬೇಕು. ಒಂದು ಒಳ್ಳೆಯದೆಂದರೆ ಸಿಂಗಪುರ್ ಏರ್‌ಲೈನ್ಸ್ ತನ್ನದೇ ವಿಮಾನದ ಮೈಲಿನ ಟಿಕೆಟ್‌ಗೆ ಇಂಧನದ ಸರ್‌ಚಾರ್ಜ್ ತೆಗೆದುಕೊಳ್ಳುವುದನ್ನು 2017ರಲ್ಲೇ ಬಿಟ್ಟಿದೆ. ಕೆಲವು ಕಂಪನಿಗಳಲ್ಲಿ ಆ ಸರ್‌ಚಾರ್ಜೇ ಟಿಕೆಟ್‌ನ ಅರ್ಧ ದುಡ್ಡು ತಿಂದುಹಾಕುತ್ತದೆ. ಬುಕ್ ಮಾಡುವ ಮುಂಚೆ ಕೊನೆಯ ಪುಟದ ತನಕ ಹೋಗಿ ನೋಡಿ.

ಇದೇ ದಿನಗಳಿಗೆ ಇದೇ ಪ್ರಯಾಣವನ್ನು ಪೂರ್ತಿ ದುಡ್ಡಿನಲ್ಲಿ ಮಾಡಿದ್ದರೆ 26, 11, ಮತ್ತೆ 24ರಂತೆ ಎರಡು, ಒಟ್ಟು 85 ಸಾವಿರ. ವ್ಯತ್ಯಾಸ 50,500. ಅದನ್ನು 75 ಸಾವಿರದಿಂದ ಭಾಗಿಸಿದರೆ ಮೈಲಿಗೆ 67 ಪೈಸೆ.

ಆಫೀಸಿನ ಗೆಳೆಯನಿಗೆ ಹೇಳಿದೆ, ನಕ್ಕ. ಎಕಾನಮಿಗೆ ಮೈಲು ಹಾಕಿದೆಯಾ, ದಂಡ, ಬಿಸಿನೆಸ್‌ಗೆ ಹಾಕಿದ್ದರೆ ಮೈಲಿಗೆ ಒಂದೂಕಾಲು ರೂಪಾಯಿ ಬರುತ್ತಿತ್ತು ಅಂದ. ಕಾಗದದ ಮೇಲೆ ಅವನ ಲೆಕ್ಕ ಸರಿ. ಆದರೆ ನಾಲ್ಕೂವರೆ ಗಂಟೆಯ ಪ್ರಯಾಣಕ್ಕೆ ಒಂದು ಕಡೆಗೆ 60 ಸಾವಿರ ನಾನು ಜನ್ಮದಲ್ಲಿ ಕೊಡುವವನಲ್ಲ. ಕೊಡದೇ ಇರುವ ದುಡ್ಡನ್ನು ಉಳಿಸಿದೆ ಅಂತ ಎಣಿಸುವುದು ಹೇಗೆ? ಬಿಸಿನೆಸ್ ಕ್ಲಾಸಿಗೆ ಹಾಕಿದ್ದರೆ 86 ಸಾವಿರ ಅಮ್ಮ ಒಬ್ಬರು ಹೋಗಿ ಬರಲೂ ಸಾಲುತ್ತಿತ್ತೋ ಇಲ್ಲವೋ. ಯುರೋಪೋ ಅಮೆರಿಕವೋ ಆಗಿದ್ದರೆ, ಮಂಡಿನೋವಿನ ಅಪ್ಪ ಅಮ್ಮನಿಗೆ ಮಲಗಿ ಹೋಗುವ ಸೀಟು ಅಂದರೆ, ಆ ಮಾತು ಬೇರೆ. ಅಲ್ಲಿ ನಾನೂ ಅವನ ಕಡೆಗೇ.

ಕೆಲವರು ಕೇಳಿದರು, ಕ್ರಿಸ್‌ಫ್ಲೈಯರ್ ತಿಂಗಳು ತಿಂಗಳು ಬಿಡುವ ಸ್ಪಾಂಟೇನಿಯಸ್ ಎಸ್ಕೇಪ್ಸ್ ಯಾಕೆ ನೋಡಲಿಲ್ಲ, ಮೈಲಿನಲ್ಲಿ 30% ರಿಯಾಯಿತಿ ಇರುತ್ತದಲ್ಲ ಅಂತ. ಅದು ಮುಂದಿನ ತಿಂಗಳ ಪ್ರಯಾಣಕ್ಕೆ, ಬುಕ್ ಮಾಡಿದ ಮೇಲೆ ಬದಲಾಯಿಸುವಂತಿಲ್ಲ, ರದ್ದು ಮಾಡುವಂತಿಲ್ಲ. ತಾರೀಕು ನಿಮ್ಮ ಕೈಯಲ್ಲಿದ್ದರೆ ಅದಕ್ಕಿಂತ ಅಗ್ಗ ಇಲ್ಲ. ನಮ್ಮ ತಾರೀಕು ಮಗುವಿನ ಕೈಯಲ್ಲಿತ್ತು.

ಮೈಲು ಕೂಡಿಟ್ಟುಕೊಳ್ಳುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಕಿಂಗ್‌ಫಿಷರ್ ಕಾಲ ನೋಡಿದವರಿಗೆ ಹೇಳಬೇಕಾಗಿಲ್ಲ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತಾಗ ಅದರ ಕಿಂಗ್ ಕ್ಲಬ್ ಯೋಜನೆಯ ಮೈಲುಗಳೂ ನಿಂತವು. ಜೆಟ್ 2019ರ ಏಪ್ರಿಲ್‌ನಲ್ಲಿ ನಿಂತರೂ ಅದರ ಮೈಲು ಉಳಿಯಿತು, ಯಾಕೆಂದರೆ ಯೋಜನೆ ನಡೆಸುತ್ತಿದ್ದದ್ದು ಬೇರೆ ಕಂಪನಿ, ಅದು ಇಂಟರ್‌ಮೈಲ್ಸ್ ಅಂತ ಹೆಸರು ಬದಲಾಯಿಸಿಕೊಂಡಿತು. ನಮ್ಮ ಕಥೆ ನಡೆಯುತ್ತಿದ್ದಾಗಲೇ, ನವೆಂಬರ್ 12ಕ್ಕೆ, ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅಲ್ಲಿದ್ದ ಪಾಯಿಂಟ್‌ಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೆ ಹೋದವು. ಸಿಂಗಪುರದವರೂ ಆಮೇಲೆ ಮೈಲಿನ ಪಟ್ಟಿ ಏರಿಸಿದ್ದಾರೆ, ನಾನು ಬರೆದ 20 ಸಾವಿರ ಈಗ ಇನ್ನೂ ಜಾಸ್ತಿ ಆಗಿರುತ್ತದೆ. ಬ್ಯಾಂಕಿನ ಎಫ್‌ಡಿಗೆ ಬಡ್ಡಿಯಾದರೂ ಬರುತ್ತದೆ. ಮೈಲು ಹಾಗಲ್ಲ, ಇಟ್ಟಷ್ಟು ದಿನ ಸವೆಯುತ್ತದೆ.

ಕಾರ್ಡಿನ ಬಿಲ್ ಪೂರ್ತಿ ಕಟ್ಟದವರು ಈ ಸಹವಾಸಕ್ಕೇ ಬರಬೇಡಿ. ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ ಕಟ್ಟಿಕೊಂಡು 67 ಪೈಸೆಯ ಮೈಲು ಸೇರಿಸುವುದು ಹುಚ್ಚು.

ಉಳಿದ 11 ಸಾವಿರ ಹಾಗೇ ಇದೆ. ಒಂದು ಕಡೆಯ ಟಿಕೆಟ್‌ಗೂ ಸಾಲದು. ಅದು ಸಾಯುವ ತಿಂಗಳನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ ಬರೆಯುವ ಜಾಗದ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ತಂಗಿ ಮೊನ್ನೆ ಫೋನ್ ಮಾಡಿದಾಗ, ಮಗುವಿನ ಹುಟ್ಟುಹಬ್ಬಕ್ಕೆ ಊರಿಗೇ ಬರುತ್ತೇವೆ ಅಂದಳು. ಭಾವನ ಖಾತೆಯಲ್ಲಿ ಎಷ್ಟು ಮೈಲಿದೆ, ಯಾವತ್ತು ಸಾಯುತ್ತದೆ ಅಂತ ಕೇಳಿದ್ದೇನೆ. ನೋಡಿ ಹೇಳುತ್ತೇನೆ ಅಂದಿದ್ದಾರೆ.